ಅರಣ್ಯದಲ್ಲಿ ರಸ್ತೆ-ಸೇತುವೆ ಗುತ್ತಿಗೆ: ಕಾರ್ಯಾದೇಶ ಬಂದರೂ ಜಾಗ ಬಾರದಿದ್ದಾಗ

ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳು ಕರಿಮಣ್ಣಿನ ಬಯಲುಸೀಮೆ ಎಂದೇ ಪ್ರಸಿದ್ಧವಾಗಿವೆ. ಹತ್ತಿ, ಕಡಲೆ, ಜೋಳಗಳ ಈ ನಾಡಿನಲ್ಲಿ ಅರಣ್ಯ ಕಾಯ್ದೆಯ ಮಾತು ಬಂದರೆ ಅದು ಮಲೆನಾಡಿನವರ ತಲೆನೋವು ಎಂಬ ಭಾವನೆ ವ್ಯಾಪಾರಸ್ಥರಲ್ಲಿ ಉಂಟು. ಆದರೆ ಗಜೇಂದ್ರಗಡದ ಗುಡ್ಡಸಾಲು ಇಲ್ಲಿಯೇ ಇದೆ. ಬಾದಾಮಿಯ ಗುಡ್ಡಗಳು ನೆರೆಯಲ್ಲಿವೆ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹರಡಿದ ಕಪ್ಪತಗುಡ್ಡ ಜಿಲ್ಲೆಯೊಳಗೇ ಇದೆ. ನೋಡುವವರ ಕಣ್ಣಿಗೆ ಕುರುಚಲು ಗಿಡ, ಬೋಳು ಬಂಡೆ ಎನಿಸಿದ ಭೂಮಿಯೂ ದಾಖಲೆಯಲ್ಲಿ ಅರಣ್ಯವಾಗಿದ್ದರೆ ಕಾಯ್ದೆಯ ದೃಷ್ಟಿಯಲ್ಲಿ ಅದು ದಾಂಡೇಲಿಯ ದಟ್ಟಡವಿಗೆ ಸಮಾನವೇ. ಮೇಲಾಗಿ ಈ ಭಾಗದ ಗುತ್ತಿಗೆದಾರರಿಗೂ ಟಿಪ್ಪರ್ ಮಾಲೀಕರಿಗೂ ಖಾನಾಪುರ, ಹಳಿಯಾಳ, ಯಲ್ಲಾಪುರಗಳ ಕಡೆಯ ಕಾಮಗಾರಿಗಳು ತೀರ ದೂರದವಲ್ಲ.

ಇಂಥ ಕಾಮಗಾರಿಗಳಿಗೆ ಎರಡು ದಿನಾಂಕಗಳಿರುತ್ತವೆ. ಒಂದು, ಕಾರ್ಯಾದೇಶದ ದಿನಾಂಕ. ಇನ್ನೊಂದು, ಅರಣ್ಯಭೂಮಿಯಲ್ಲಿ ಸಲಿಕೆ ಇಡಲು ಕಾನೂನು ಅವಕಾಶ ಕೊಟ್ಟ ದಿನಾಂಕ. ಇವೆರಡರ ನಡುವೆ ಕೆಲವೊಮ್ಮೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆಯುತ್ತವೆ. ಒಪ್ಪಿಗೆ ತರುವ ಹೊಣೆ ಇಲಾಖೆಯದು; ಕಾಯುವ ನಷ್ಟ ಮಾತ್ರ ಗುತ್ತಿಗೆದಾರನ ಮೇಲೆ ಬಿದ್ದು, ಅಲ್ಲಿಂದ ಇಳಿದು ಉದ್ರಿ ಕೊಟ್ಟ ಸಿಮೆಂಟ್ ಅಂಗಡಿಗೂ ಹ್ಯೂಮ್ ಪೈಪಿನ ಕಾರ್ಖಾನೆಗೂ ಬಂದು ನಿಲ್ಲುತ್ತದೆ. ಸರ್ಕಾರದೊಡನೆ ಯಾವ ಕರಾರೂ ಇಲ್ಲದ ಈ ಕೊನೆಯವರೇ ಹೆಚ್ಚು ಎಚ್ಚರ ವಹಿಸಬೇಕಾದವರು.

ಕಾಯ್ದೆ ಏನು ಹೇಳುತ್ತದೆ

1980ರ ಅಕ್ಟೋಬರ್ 25ರಿಂದ ಜಾರಿಯಲ್ಲಿರುವ ಅರಣ್ಯ (ಸಂರಕ್ಷಣೆ) ಕಾಯ್ದೆಯ 2ನೇ ಕಲಮಿನಂತೆ, ಅರಣ್ಯಭೂಮಿಯನ್ನು ಅರಣ್ಯೇತರ ಕೆಲಸಕ್ಕೆ ಬಳಸಬೇಕಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಅಗತ್ಯ. ರಾಜ್ಯದ್ದೇ ಭೂಮಿ, ರಾಜ್ಯದ್ದೇ ರಸ್ತೆ ಎಂದರೂ ವಿನಾಯಿತಿ ಇಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಡೆತನ ಯಾರದೇ ಆಗಿರಲಿ, ನಿಘಂಟಿನ ಅರ್ಥದಲ್ಲಿ ಅರಣ್ಯವೆನಿಸುವುದೆಲ್ಲವೂ ಈ ಕಾಯ್ದೆಗೆ ಒಳಪಡುತ್ತದೆ ಎಂದಿತು. ಆಗ ಹುಟ್ಟಿಕೊಂಡದ್ದೇ ಪರಿಭಾವಿತ ಅರಣ್ಯಗಳ ಪಟ್ಟಿ. ಕರ್ನಾಟಕದಲ್ಲಿ ಸುಮಾರು 9.94 ಲಕ್ಷ ಹೆಕ್ಟೇರ್ ಇದ್ದ ಆ ಪಟ್ಟಿಯನ್ನು 2022ರ ಮೇ ತಿಂಗಳಿನಲ್ಲಿ ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಸಲಾಯಿತು. 2023ರ ತಿದ್ದುಪಡಿಯು ಕಾಯ್ದೆಯ ಹೆಸರನ್ನೇ ವನ (ಸಂರಕ್ಷಣ ಏವಂ ಸಂವರ್ಧನ) ಅಧಿನಿಯಮ ಎಂದು ಬದಲಿಸಿ ಅದರ ವ್ಯಾಪ್ತಿಯನ್ನು ಕುಗ್ಗಿಸಿತಾದರೂ, 2024ರ ಫೆಬ್ರವರಿ 19ರ ಮಧ್ಯಂತರ ಆದೇಶದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಅರ್ಥವನ್ನೇ ಅನುಸರಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಪಹಣಿಯಲ್ಲಿ ಗಾಯರಾಣ ಎಂದಿದೆ ಎಂಬ ಒಂದೇ ಆಧಾರದ ಮೇಲೆ ಯಂತ್ರ ಇಳಿಸುವುದು ಆದ್ದರಿಂದ ಅಪಾಯಕಾರಿ.

ಒಪ್ಪಿಗೆ ಎರಡು ಹಂತಗಳಲ್ಲಿ ಬರುತ್ತದೆ. ಇಲಾಖೆಯು ಪರಿವೇಶ್ ಪೋರ್ಟಲ್ಲಿನಲ್ಲಿ ಅರ್ಜಿ ಸಲ್ಲಿಸಿದ ನಂತರ, ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಸ್ಥಳ ಪರಿಶೀಲನೆಯಿಂದ ಹಿಡಿದು ರಾಜ್ಯ ಸರ್ಕಾರದ ಶಿಫಾರಸಿನವರೆಗೆ ಕಡತ ಸಾಗಿ, ಷರತ್ತುಗಳೊಡನೆ ಮೊದಲ ಹಂತದ ತಾತ್ವಿಕ ಒಪ್ಪಿಗೆ ಸಿಗುತ್ತದೆ. ಷರತ್ತುಗಳನ್ನು ಪೂರೈಸಿ ಹಣ ಕಟ್ಟಿದ ಮೇಲೆ ಎರಡನೇ ಹಂತದ ಅಂತಿಮ ಒಪ್ಪಿಗೆ. ರಸ್ತೆ, ರೈಲು, ಕಾಲುವೆಗಳಂಥ ಉದ್ದನೆಯ ಯೋಜನೆಗಳಿಗೆ ಒಂದು ರಿಯಾಯಿತಿ ಇದೆ. ತಾತ್ವಿಕ ಒಪ್ಪಿಗೆ ದೊರೆತು ನಿಗದಿತ ಮೊತ್ತ ಪಾವತಿಯಾದರೆ, ಅಂತಿಮ ಆದೇಶಕ್ಕೆ ಕಾಯದೆ ಮರ ಕಡಿಯಲೂ ಕೆಲಸ ಆರಂಭಿಸಲೂ ತಾತ್ಕಾಲಿಕ ಅನುಮತಿ ಪಡೆಯಬಹುದು. ಆದರೆ ಆ ಅನುಮತಿಯೂ ಲಿಖಿತವಾಗಿಯೇ ಇರಬೇಕು. ‘ಮೊದಲ ಹಂತ ಆಗಿದೆ, ಶುರು ಮಾಡಿ’ ಎಂಬ ಬಾಯಿಮಾತಿಗೆ ಬೆಲೆಯಿಲ್ಲ.

ಇಲ್ಲಿ ಕಷ್ಟ ಹಣದ್ದಲ್ಲ, ಸಮಯದ್ದು. ಹತ್ತು ಮೀಟರ್ ಅಗಲದ ಪಟ್ಟಿ ಒಂದು ಕಿಲೋಮೀಟರ್ ಸಾಗಿದರೆ ಒಂದು ಹೆಕ್ಟೇರ್ ಆಗುತ್ತದೆ. 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿದ ದರದಂತೆ ಅರಣ್ಯದ ನಿವ್ವಳ ಪ್ರಸ್ತುತ ಮೌಲ್ಯ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿಗಳಷ್ಟಿತ್ತು. 2022ರಲ್ಲಿ ಈ ದರಗಳು ಏರಿದವು. ಇದಕ್ಕೆ ಪರ್ಯಾಯ ಅರಣ್ಯೀಕರಣದ ವೆಚ್ಚ ಸೇರಿಸಿದರೂ ಒಂದು ಕಿಲೋಮೀಟರ್ ಡಾಂಬರು ರಸ್ತೆಯ ಅಂದಾಜಿನ ಮುಂದೆ ಅದು ಭರಿಸಲಾಗದ ಮೊತ್ತವಲ್ಲ, ಮತ್ತು ಅದನ್ನು ಕಟ್ಟುವುದು ಯೋಜನೆಯ ಲೆಕ್ಕದಿಂದ. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಾಗ ಕಳೆದ ಹದಿನೆಂಟು ತಿಂಗಳಿಗೆ ಮಾತ್ರ ಅಂದಾಜು ಪಟ್ಟಿಯಲ್ಲಿ ಕಲಮು ಇಲ್ಲ.

ಹಳೆಯ ರಸ್ತೆ, ಚಿಕ್ಕ ರಸ್ತೆ

ಎಲ್ಲ ಕೆಲಸಕ್ಕೂ ಇಷ್ಟು ದೀರ್ಘ ಹಾದಿಯಿಲ್ಲ. 1980ಕ್ಕೆ ಮೊದಲೇ ಅರಣ್ಯದೊಳಗಿದ್ದ ಕಚ್ಚಾ ರಸ್ತೆಯನ್ನು ಅಗಲ ಹೆಚ್ಚಿಸದೆ ಪಕ್ಕಾ ಮಾಡುವುದಕ್ಕೆ ಮಾರ್ಗಸೂಚಿಗಳು ಸುಲಭದ ದಾರಿ ಇಟ್ಟಿವೆ. ಅಭಯಾರಣ್ಯಗಳ ಮಾತು ಬೇರೆ. ರಸ್ತೆ ಆಗಲೇ ಇತ್ತೆಂಬುದಕ್ಕೆ ಹಳೆಯ ಗ್ರಾಮ ನಕ್ಷೆ ಅಥವಾ ಲೋಕೋಪಯೋಗಿ ಇಲಾಖೆಯ ರಸ್ತೆ ವಹಿ ಬೇಕು. ವ್ಯಾಜ್ಯಗಳು ಹುಟ್ಟುವುದು ಅಗಲದ ವಿಷಯದಲ್ಲಿ. ಮೂರೂವರೆ ಮೀಟರಿನ ಹಳೆಯ ದಾರಿಗೆ ಐದೂವರೆ ಮೀಟರಿನ ಅಂದಾಜು ಹಾಕಿ ಟೆಂಡರ್ ಕರೆದರೆ, ಆ ಎರಡು ಮೀಟರ್ ಹೊಸ ಅರಣ್ಯಭೂಮಿಯೇ ಸರಿ.

2006ರ ಅರಣ್ಯ ಹಕ್ಕುಗಳ ಕಾಯ್ದೆಯ 3(2)ನೇ ಕಲಮಿನಲ್ಲಿ ಅರಣ್ಯವಾಸಿಗಳ ಅನುಕೂಲಕ್ಕಾಗಿ ಸರ್ಕಾರ ನಿರ್ವಹಿಸುವ 13 ಬಗೆಯ ಸೌಲಭ್ಯಗಳಿವೆ, ರಸ್ತೆಯೂ ಅವುಗಳಲ್ಲೊಂದು. ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಭೂಮಿ, ಹೆಕ್ಟೇರಿಗೆ 75ಕ್ಕೆ ಮೀರದ ಮರಗಳು, ಗ್ರಾಮಸಭೆಯ ಶಿಫಾರಸು — ಇವು ಷರತ್ತುಗಳು. 2023ರ ತಿದ್ದುಪಡಿಯು ಸಾರ್ವಜನಿಕ ರಸ್ತೆಯ ಪಕ್ಕದ ಅರಣ್ಯದಲ್ಲಿ ವಸತಿಗೆ ಅಥವಾ ರಸ್ತೆಬದಿಯ ಸೌಲಭ್ಯಕ್ಕೆ ಹೋಗುವ ದಾರಿಗಾಗಿ 0.10 ಹೆಕ್ಟೇರ್, ಅಂದರೆ ಸುಮಾರು ಹತ್ತು ಗುಂಟೆಯವರೆಗೆ ವಿನಾಯಿತಿ ನೀಡಿದೆ. ಪೆಟ್ರೋಲ್ ಬಂಕು, ಖಾನಾವಳಿ ಯೋಚಿಸುವವರಿಗೆ ಇದು ತಿಳಿದಿರಲಿ.

ಸೇತುವೆಗಳಲ್ಲಿ ಬೇರೊಂದು ತೊಡಕಿದೆ. ಕಂಬಗಳು ನಿಲ್ಲುವ ಜಾಗ ಅಲ್ಪ. ಆದರೆ ತಾತ್ಕಾಲಿಕ ಬಳಸುದಾರಿ, ಕಾಂಕ್ರೀಟ್ ಕಲಸುವ ಜಾಗ, ಕಬ್ಬಿಣ ಕಟ್ಟುವ ಅಂಗಳ, ಕೂಲಿಕಾರರ ಗುಡಿಸಲು, ಅಗೆದ ಮಣ್ಣಿನ ರಾಶಿ ಇವೆಲ್ಲ ಎಲ್ಲಿ? ಒಪ್ಪಿಗೆ ಬಂದದ್ದು ನಕ್ಷೆಯಲ್ಲಿ ಗುರುತಿಸಿದ ಪಟ್ಟಿಗೆ ಮಾತ್ರ. ಪಟ್ಟಿಯ ಹೊರಗೆ ಮಣ್ಣು ಸುರಿದರೂ ಅದು ಉಲ್ಲಂಘನೆಯೇ. ಕರ್ನಾಟಕ ಅರಣ್ಯ ಕಾಯ್ದೆ 1963ರ 62ನೇ ಕಲಮಿನಂತೆ ವಾಹನ ವಶಪಡಿಸಿಕೊಳ್ಳಲೂ 71-ಎ ಕಲಮಿನಂತೆ ಮುಟ್ಟುಗೋಲು ಹಾಕಿಕೊಳ್ಳಲೂ ಅಧಿಕಾರವಿದೆ. ಹಾಗೆ ನಿಲ್ಲುವ ಟಿಪ್ಪರ್ ಬಹಳ ಬಾರಿ ಗುತ್ತಿಗೆದಾರನದಾಗಿರುವುದಿಲ್ಲ. ಬ್ಯಾಂಕಿನ ಕಂತು ಕಟ್ಟುತ್ತ ಬಾಡಿಗೆಗೆ ಬಿಟ್ಟವನದಾಗಿರುತ್ತದೆ.

ಗರಸು, ಖಡಿ ಮತ್ತು ಕಪ್ಪತಗುಡ್ಡ

ಕಪ್ಪತಗುಡ್ಡದ ಕಥೆ ಈ ಜಿಲ್ಲೆಯವರಿಗೆ ಹೊಸದಲ್ಲ. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆ, 2016ರ ನವೆಂಬರಿನಲ್ಲಿ ಅದರ ರದ್ದತಿ, ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದ ಹೋರಾಟ, 2017ರಲ್ಲಿ ಮರುಘೋಷಣೆ, ಕೊನೆಗೆ 2019ರ ಮೇ ತಿಂಗಳಿನಲ್ಲಿ 244.15 ಚದರ ಕಿಲೋಮೀಟರ್ ವನ್ಯಜೀವಿ ಧಾಮ. ಗುತ್ತಿಗೆಯ ಲೆಕ್ಕದಲ್ಲಿ ಇದರ ಪರಿಣಾಮ ಎರಡು. ಧಾಮದೊಳಗೆ ರಸ್ತೆ ಕೆಲಸಕ್ಕೆ ಅರಣ್ಯ ಒಪ್ಪಿಗೆಯ ಜೊತೆಗೆ ವನ್ಯಜೀವಿ ಮಂಡಳಿಯ ಒಪ್ಪಿಗೆಯೂ ಬೇಕು. ಇನ್ನು, 2023ರ ಏಪ್ರಿಲ್ 26ರ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿ ಧಾಮಗಳ ಒಳಗೂ ಅವುಗಳ ಗಡಿಯಿಂದ ಒಂದು ಕಿಲೋಮೀಟರ್ ವರೆಗೂ ಗಣಿಗಾರಿಕೆ ನಿಷಿದ್ಧ. ಅಂದಾಜು ಪಟ್ಟಿಯಲ್ಲಿ ಖಡಿ, ಗರಸುಗಳ ದರ ನಿಲ್ಲುವುದು ಕ್ವಾರಿಯಿಂದ ಕಾಮಗಾರಿಗೆ ಇರುವ ದೂರದ ಮೇಲೆ. ಪಟ್ಟಿಯಲ್ಲಿ ತೋರಿಸಿದ ಕ್ವಾರಿ ಈಗ ಕಾನೂನುಬದ್ಧವಾಗಿ ನಡೆಯುತ್ತಿದೆಯೇ ಎಂದು ನೋಡದೆ ದರ ನಮೂದಿಸಿದವರು ಸಾಗಣೆಯ ಹೆಚ್ಚುವರಿ ವೆಚ್ಚವನ್ನು ತಾವೇ ಹೊರುತ್ತಾರೆ. ರಸ್ತೆಯ ಬದಿಯ ಅರಣ್ಯದಿಂದಲೇ ಗರಸು ಅಗೆಯುವುದು ಸುಲಭವಾಗಿ ಕಂಡರೂ ಅದು ಅಪರಾಧ. ಗಣಿ ಇಲಾಖೆಯ ಸಾಗಾಣಿಕೆ ಪರವಾನಗಿ ತೋರಿಸದಿದ್ದರೆ ರಾಜಧನವೂ ದಂಡವೂ ಬಿಲ್ಲಿನಲ್ಲಿ ಕಡಿತವಾಗುತ್ತವೆ.

ನರಗುಂದದವರು ಕಂಡ ಉದಾಹರಣೆ

ಟೆಂಡರಿಗೂ ಅರಣ್ಯ ಒಪ್ಪಿಗೆಗೂ ಇರುವ ಅಂತರಕ್ಕೆ ನರಗುಂದದವರು ಬೇರೆಡೆ ಉದಾಹರಣೆ ಹುಡುಕಬೇಕಾಗಿಲ್ಲ. ಕಳಸಾ-ಬಂಡೂರಿ ರಸ್ತೆ ಕಾಮಗಾರಿಯಲ್ಲ, ನೀರಾವರಿ ಕಾಮಗಾರಿ. ಆದರೂ ನಿಯಮ ಒಂದೇ. 2015ರ ಜುಲೈನಿಂದ ನರಗುಂದವೇ ಈ ಹೋರಾಟದ ಕೇಂದ್ರವಾಯಿತು. 2018ರ ಆಗಸ್ಟಿನಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ ನೀಡಿದ 13.42 ಟಿಎಂಸಿಯಲ್ಲಿ ಮಲಪ್ರಭೆಗೆ ತಿರುಗಿಸಬಹುದಾದ ಪಾಲು 3.90 ಟಿಎಂಸಿ. 2020ರ ಫೆಬ್ರವರಿಯಲ್ಲಿ ತೀರ್ಪು ರಾಜಪತ್ರದಲ್ಲಿ ಬಂತು. 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಪರಿಷ್ಕೃತ ಯೋಜನಾ ವರದಿಯನ್ನು ಒಪ್ಪಿತು. 2023ರ ಆರಂಭದಲ್ಲಿ ಟೆಂಡರ್ ಪ್ರಕ್ರಿಯೆಯೂ ನಡೆಯಿತು. ಆದರೆ ಖಾನಾಪುರ ತಾಲೂಕಿನ ಅರಣ್ಯದಲ್ಲಿ ಕೆಲಸಕ್ಕೆ ಬೇಕಾದ ಒಪ್ಪಿಗೆಗಳು ಆಗ ಕೈಯಲ್ಲಿರಲಿಲ್ಲ. 2024ರ ಜನವರಿಯಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕಳಸಾ ಪ್ರಸ್ತಾವನೆಯನ್ನು ಮುಂದೂಡಿತು. ರಾಜ್ಯ ಸರ್ಕಾರವೇ ಬೆನ್ನಿಗೆ ನಿಂತ ಯೋಜನೆಯ ಗತಿ ಇದಾದರೆ, ಎರಡು ಕೋಟಿಯ ಗ್ರಾಮ ರಸ್ತೆಗೆ ಅವಸರ ಮಾಡುವವರು ಯಾರು?

ಸಿಕ್ಕ ಒಪ್ಪಿಗೆಯೂ ಕೊನೆಯದೆಂದು ಹೇಳಲಾಗದು. ಕ್ಯಾಸಲ್‌ರಾಕ್-ಕುಲೆಂ ಜೋಡಿ ರೈಲು ಮಾರ್ಗಕ್ಕೆ ವನ್ಯಜೀವಿ ಮಂಡಳಿ ನೀಡಿದ್ದ ಒಪ್ಪಿಗೆಯನ್ನು ಸರ್ವೋಚ್ಚ ನ್ಯಾಯಾಲಯ 2022ರ ಮೇ 9ರಂದು ರದ್ದುಪಡಿಸಿತು.

ಕರಾರಿನಲ್ಲಿ ನೋಡಬೇಕಾದ್ದು

ರಾಜ್ಯದ ದೊಡ್ಡ ಕಾಮಗಾರಿಗಳಿಗೆ ಬಳಸುವ ಕೆ.ಡಬ್ಲ್ಯು-4 ಮಾದರಿ ದಾಖಲೆಯಲ್ಲಿ, ನಿಗದಿತ ದಿನಾಂಕದೊಳಗೆ ಜಾಗದ ಯಾವುದೇ ಭಾಗವನ್ನು ಒಪ್ಪಿಸದಿದ್ದರೆ ಅದನ್ನು ಪರಿಹಾರಾರ್ಹ ಘಟನೆಯೆಂದು ಪರಿಗಣಿಸುವ ಷರತ್ತು ಇದೆ. ರಾಷ್ಟ್ರೀಯ ಹೆದ್ದಾರಿಗಳ ಇ.ಪಿ.ಸಿ. ಕರಾರುಗಳಲ್ಲಿ ಶೇ. 90ರಷ್ಟು ಉದ್ದದ ಜಾಗ ಒಪ್ಪಿಸುವ ಹೊಣೆ ಪ್ರಾಧಿಕಾರದ್ದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಅರಣ್ಯ ಒಪ್ಪಿಗೆ ರಾಜ್ಯದ ಹೊಣೆ. ಕಾಗದದ ಮೇಲೆ ಗುತ್ತಿಗೆದಾರನ ಪಕ್ಷ ದುರ್ಬಲವೇನಲ್ಲ. ದುರ್ಬಲವಾಗುವುದು ಅವನು ಸಕಾಲದಲ್ಲಿ ಬರೆಯದಿದ್ದಾಗ. ಜಾಗ ಸಿಗದ ದಿನದಿಂದಲೇ ಲಿಖಿತ ಸೂಚನೆ ಕೊಡದೆ, ಅವಧಿ ವಿಸ್ತರಣೆ ಕೇಳುವಾಗ ‘ಹೆಚ್ಚುವರಿ ಬೇಡಿಕೆ ಇಲ್ಲ’ ಎಂದು ಬರೆದುಕೊಟ್ಟರೆ ಮುಂದೆ ವಾದಿಸಲು ಏನೂ ಉಳಿಯುವುದಿಲ್ಲ. ಅಷ್ಟರಲ್ಲಿ ತೆರಿಗೆಯೂ ಬದಲಾಗಬಹುದು. ಸರ್ಕಾರಿ ರಸ್ತೆ ಗುತ್ತಿಗೆಯ ಮೇಲಿನ ಜಿ.ಎಸ್.ಟಿ. 2022ರ ಜುಲೈ 18ರಿಂದ ಶೇ. 12ರಿಂದ 18ಕ್ಕೆ ಏರಿತು; ಸಿಮೆಂಟಿನದು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿಯಿತು.

ಪೂರೈಕೆದಾರನ ಲೆಕ್ಕ ಇನ್ನೂ ಸರಳ. ಆರು ಲಕ್ಷ ರೂಪಾಯಿಯ ಸರಕನ್ನು ಶೇ. 5ರ ಲಾಭಕ್ಕೆ ಉದ್ರಿ ಕೊಟ್ಟವನಿಗೆ ಸಿಗುವುದು 30,000 ರೂಪಾಯಿ. ವರ್ಷಕ್ಕೆ ಶೇ. 12ರ ಬಡ್ಡಿಯಲ್ಲಿ ಆ ಹಣ ತಿಂಗಳಿಗೆ 6,000 ರೂಪಾಯಿ ತಿನ್ನುತ್ತದೆ. ಐದು ತಿಂಗಳಿಗೆ ಲಾಭ ಮುಗಿಯಿತು. ಆರನೆಯ ತಿಂಗಳಿನಿಂದ ಅಂಗಡಿಯೇ ರಸ್ತೆ ಕಟ್ಟಿಸುತ್ತಿದೆ ಎಂದು ತಿಳಿಯಬೇಕು. ಆದ್ದರಿಂದ ಸರಕು ಇಳಿಸುವ ಮೊದಲು ಯಾವ ಕಿಲೋಮೀಟರಿನಿಂದ ಯಾವ ಕಿಲೋಮೀಟರಿನವರೆಗೆ ಅರಣ್ಯವಿದೆ, ಆ ಭಾಗಕ್ಕೆ ಯಾವ ಹಂತದ ಒಪ್ಪಿಗೆ ಬಂದಿದೆ ಎಂದು ಕೇಳಿ ಆದೇಶದ ಪ್ರತಿ ಪಡೆಯುವುದು ಒಳಿತು. ಪ್ರಸ್ತಾವನೆಯ ಸ್ಥಿತಿಯನ್ನು ಪರಿವೇಶ್ ಪೋರ್ಟಲ್ಲಿನಲ್ಲಿ ಯಾರೂ ನೋಡಬಹುದು.

ಸೂಕ್ಷ್ಮ, ಸಣ್ಣ ಉದ್ದಿಮೆಗಳ 2006ರ ಅಭಿವೃದ್ಧಿ ಕಾಯ್ದೆ ಇಲ್ಲಿ ನೆರವಿಗೆ ಬರುತ್ತದೆ, ಆದರೆ ಎಲ್ಲರಿಗೂ ಅಲ್ಲ. ಉದ್ಯಮ್ ನೋಂದಣಿ ಹೊಂದಿದ ಸೂಕ್ಷ್ಮ ಅಥವಾ ಸಣ್ಣ ತಯಾರಕನಿಗೆ 45 ದಿನಗಳ ಗರಿಷ್ಠ ಮಿತಿಯೊಳಗೆ ಹಣ ಬರಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಖರೀದಿ ಪತ್ರದಲ್ಲಿ ‘ಇಲಾಖೆಯ ಬಿಲ್ಲು ಬಂದ ಮೇಲೆ ಪಾವತಿ’ ಎಂದು ಬರೆದಿದ್ದರೂ ಈ ಮಿತಿ ಬದಲಾಗದು. ಆದರೆ 2021ರ ಜುಲೈನಲ್ಲಿ ಉದ್ಯಮ್ ವ್ಯಾಪ್ತಿಗೆ ಸೇರಿಸಲಾದ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ ಆದ್ಯತಾ ವಲಯದ ಸಾಲದ ಸೌಲಭ್ಯ ಮಾತ್ರ ಉಂಟು. ವಿಳಂಬ ಪಾವತಿಯ ರಕ್ಷಣೆ ಇಲ್ಲ. ಹ್ಯೂಮ್ ಪೈಪು ತಯಾರಿಸಿ ಮಾರುವವನು ಸೌಕರ್ಯ ಮಂಡಳಿಗೆ ಹೋಗಬಹುದು. ಅದೇ ಪೈಪನ್ನು ಕೊಂಡು ಮಾರುವವನು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಅವನಿಗೆ ಮುಂಗಡವೋ ಬ್ಯಾಂಕ್ ಖಾತರಿಯೋ ಇಲ್ಲದೆ ಬೇರೆ ಆಸರೆಯಿಲ್ಲ.

ಅರಣ್ಯ ಒಪ್ಪಿಗೆಯ ಷರತ್ತುಗಳು ಸಣ್ಣ ತಯಾರಕರಿಗೆ ಒಂದಿಷ್ಟು ಕೆಲಸವನ್ನೂ ತರುತ್ತವೆ. ಬಿಟ್ಟುಕೊಟ್ಟ ಭೂಮಿಯ ಗಡಿಗೆ ನಾಲ್ಕು ಅಡಿ ಎತ್ತರದ ಆರ್.ಸಿ.ಸಿ. ಕಂಬ ನೆಡಬೇಕೆಂಬುದು ಸಾಮಾನ್ಯ ಷರತ್ತು. ಕೂಲಿಕಾರರು ಕಟ್ಟಿಗೆ ಕಡಿಯದಂತೆ ಪರ್ಯಾಯ ಇಂಧನ ಒದಗಿಸಬೇಕೆಂಬುದು ಇನ್ನೊಂದು. ಕಂಬ ಎರಕ ಹೊಯ್ಯುವವರು ಮೊದಲ ಹಂತದ ಆದೇಶದ ಷರತ್ತುಗಳನ್ನು ಓದಿಕೊಂಡರೆ ಎಷ್ಟು ಕಂಬ, ಯಾವಾಗ ಬೇಕಾಗಬಹುದು ಎಂಬುದನ್ನು ಗುತ್ತಿಗೆದಾರನಿಗಿಂತ ಮುಂಚೆಯೇ ಲೆಕ್ಕ ಹಾಕಬಹುದು.