ಮಡಚುವ ಫೋನು ಮನೆಯಲ್ಲಿ ಯಾರ ಪಾಲಿಗೆ?

ಬೆಳಗ್ಗೆ ಒಂಬತ್ತಕ್ಕೆ ಬನಶಂಕರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದವರಿಗೆ ಸೀಟಿನ ಮಾತು ಬಿಡಿ, ಹಿಡಿದುಕೊಳ್ಳಲು ಕಂಬ ಸಿಕ್ಕರೆ ಪುಣ್ಯ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲಂತೂ ಆರ್.ವಿ. ರಸ್ತೆ ನಿಲ್ದಾಣದಲ್ಲಿ ಇಳಿಯುವವರೂ ಹತ್ತುವವರೂ ಒಟ್ಟಿಗೇ ನುಗ್ಗುತ್ತಾರೆ. ಒಂದು ಕೈ ಕಂಬಕ್ಕೆ, ಇನ್ನೊಂದು ಫೋನಿಗೆ. ಈ ನೂಕುನುಗ್ಗಲಿನಲ್ಲಿ ಮಡಚುವ ಫೋನನ್ನು ಬಿಚ್ಚಬೇಕೆಂದರೆ ಮೂರನೆಯ ಕೈ ಬೇಕು. ಜೇಬಿನಲ್ಲೇ ಟ್ಯಾಬ್ ಎಂದು ಜಾಹೀರಾತು ಹೊಗಳುವ ಯಂತ್ರ ದಿನದ ಬಹುಪಾಲು ಹೊತ್ತು ಮಡಚಿಕೊಂಡೇ ಇರುತ್ತದೆ.

ಹಾಗೆಂದು ಅದನ್ನು ಹಗುರವಾಗಿ ಕಾಣುವಂತಿಲ್ಲ. ಗಾಜನ್ನು ಮಡಚುವುದು ಸಣ್ಣ ಕೆಲಸವಲ್ಲ. ಯಾವ ಹಾಳೆಯನ್ನೇ ಬಗ್ಗಿಸಿ, ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಎಷ್ಟು ಹಿಗ್ಗುತ್ತದೆ ಎಂಬುದಕ್ಕೆ ಲೆಕ್ಕ ಸುಲಭ: ದಪ್ಪದ ಅರ್ಧವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದರಾಯಿತು. ತ್ರಿಜ್ಯ ಒಂದೂವರೆ ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಮಾಮೂಲಿ ಫೋನಿನ ಗಾಜು ಸುಮಾರು 0.6 ಮಿ.ಮೀ. ದಪ್ಪ. ಅದನ್ನು ಅಷ್ಟು ಬಗ್ಗಿಸಿದರೆ ಹೊರಮೈ ಶೇ. 20ರಷ್ಟು ಹಿಗ್ಗಬೇಕು. ಗಾಜು ಶೇ. 1ರಷ್ಟು ಹಿಗ್ಗುವುದೇ ಹೆಚ್ಚು, ಶೇ. 20 ಎಂದರೆ ಪುಡಿ ಪುಡಿ. ಅದೇ ಗಾಜನ್ನು 0.03 ಮಿ.ಮೀ.ಗೆ, ಅಂದರೆ ತಲೆಗೂದಲಿಗಿಂತ ತೆಳ್ಳಗೆ ಇಳಿಸಿದರೆ ಹಿಗ್ಗುವಿಕೆ ಶೇ. 1ಕ್ಕೆ ಬರುತ್ತದೆ. ಗಾಜು ಬಾಗುತ್ತದೆ. ಇಂದಿನ ಮಡಚುವ ಫೋನುಗಳಲ್ಲಿ ಇರುವುದು ಇಂಥ ಗಾಜೇ.

ಆದರೆ ಗಾಜೊಂದೇ ಅಲ್ಲವಲ್ಲ. ಅದರ ಮೇಲೊಂದು ಪ್ಲಾಸ್ಟಿಕ್ ಪೊರೆ, ಕೆಳಗೆ ಸ್ಪರ್ಶ ಗುರುತಿಸುವ ಪದರ, ಅದರಡಿ ತಾನೇ ಬೆಳಗುವ ಒಎಲ್‌ಇಡಿ ಪದರ, ತಳಕ್ಕೆ ಪಾಲಿಇಮೈಡ್ ಎಂಬ ಬಾಗುವ ಪ್ಲಾಸ್ಟಿಕ್. ಇವೆಲ್ಲವನ್ನೂ ಗಟ್ಟಿಯಾಗಿ ಅಂಟಿಸಿಬಿಟ್ಟರೆ ಮತ್ತೆ ದಪ್ಪ ಹಲಗೆಯೇ ಆಯಿತು. ಇನ್ನೂರು ಪುಟದ ನೋಟ್‌ಬುಕ್ಕು ಸಲೀಸಾಗಿ ಬಾಗುವುದು ಹಾಳೆಗಳು ಒಂದರ ಮೇಲೊಂದು ಜಾರುವುದರಿಂದ. ಹಾಳೆಗಳಿಗೆಲ್ಲ ಗೋಂದು ಬಳಿದು ಒಣಗಿಸಿ, ಆಮೇಲೆ ಬಗ್ಗಿಸಿ ನೋಡಿ. ಮಡಚುವ ಪರದೆಯಲ್ಲಿ ಪದರಗಳ ನಡುವಿನ ಅಂಟು ಅದಕ್ಕೇ ಮೆತ್ತಗೆ, ಜೆಲ್ಲಿನಂತಿದೆ. ಪದರಗಳು ಕೂದಲೆಳೆಯಷ್ಟು ಜಾರುತ್ತವೆ, ಬಿಡಿಸಿದಾಗ ತಮ್ಮ ಜಾಗಕ್ಕೆ ಮರಳುತ್ತವೆ. ಪೂರ್ತಿ ಮರಳುವುದಿಲ್ಲ ಎಂಬುದೇ ತಕರಾರು. ಪ್ಲಾಸ್ಟಿಕ್ಕಿಗೆ ನೆನಪಿನ ಶಕ್ತಿ ಜಾಸ್ತಿ, ರಾತ್ರಿಯಿಡೀ ಮಡಚಿಟ್ಟಿದ್ದನ್ನು ಬೆಳಗ್ಗೆ ಬೇಗ ಮರೆಯದು. ನಡುವೆ ಕಾಣುವ ಆ ಗೆರೆ ಅದರದ್ದೇ ಕುರುಹು. ಕೀಲಿನೊಳಗೆ ಪರದೆ ಚೂಪಾಗಿ ಮಡಿಯದೆ ನೀರಹನಿಯ ಆಕಾರದಲ್ಲಿ ಸುತ್ತಿಕೊಳ್ಳುವ ಉಪಾಯ ಬಂದ ಮೇಲೆ ತ್ರಿಜ್ಯ ಹಿಗ್ಗಿತು, ಗೆರೆಯೂ ಸೌಮ್ಯವಾಯಿತು.

ಈ ಪಾಠಗಳೇನೂ ಪುಕ್ಕಟೆ ಬಂದಿಲ್ಲ. ಸ್ಯಾಮ್‌ಸಂಗ್ ಮೊದಲ ಗ್ಯಾಲಕ್ಸಿ ಫೋಲ್ಡನ್ನು 2019ರ ಏಪ್ರಿಲ್‌ನಲ್ಲಿ ವಿಮರ್ಶಕರ ಕೈಗೆ ಕೊಟ್ಟಾಗ, ಮೇಲಿನ ಪೊರೆಯನ್ನು ಹೊಸ ಫೋನಿನ ಮಾಮೂಲಿ ಕವರ್ ಎಂದುಕೊಂಡು ಕೆಲವರು ಸುಲಿದೇ ಬಿಟ್ಟರು. ಪರದೆ ಸತ್ತುಹೋಯಿತು. ಬಿಡುಗಡೆ ಮುಂದೂಡಿ, ಪೊರೆಯ ಅಂಚನ್ನು ಚೌಕಟ್ಟಿನೊಳಗೆ ಸೇರಿಸಿ, ಕೀಲಿನ ತುದಿಗಳಿಗೆ ಮುಚ್ಚಳ ಹಾಕಿ ಸೆಪ್ಟೆಂಬರಿನಲ್ಲಿ ಹೊರತಂದರು. ಅಕ್ಟೋಬರಿನಲ್ಲಿ ಭಾರತಕ್ಕೆ ಬಂದಾಗ ಬೆಲೆ ₹1,64,999. 2025ರಲ್ಲಿ ಫೋಲ್ಡ್ 7 ಬಂದಾಗ ₹1,74,999. ತೂಕ 215 ಗ್ರಾಂಗೆ, ಬಿಚ್ಚಿದಾಗಿನ ದಪ್ಪ 4.2 ಮಿ.ಮೀ.ಗೆ ಇಳಿದಿದೆ, ಬೆಲೆ ಮಾತ್ರ ಜಗ್ಗಿಲ್ಲ.

ನಮ್ಮ ಊರಿಗೆ ಸಂಬಂಧಿಸಿದ ಇನ್ನೊಂದು ಸಂಗತಿ ಧೂಳು. ಫೋಲ್ಡ್ 7ಕ್ಕೆ ಐಪಿ48 ಎಂಬ ದರ್ಜೆ ಇದೆ. ಕೊನೆಯ 8 ನೀರಿಗೆ, ಅಲ್ಲಿ ಚಿಂತೆಯಿಲ್ಲ. ಮೊದಲ 4ರ ಅರ್ಥ ಒಂದು ಮಿಲಿಮೀಟರಿಗಿಂತ ದೊಡ್ಡ ಕಣ ಒಳಗೆ ಹೋಗದು ಎಂದಷ್ಟೇ. ಜಯನಗರದಲ್ಲಿ ಯಾವುದಾದರೂ ರಸ್ತೆ ಅಗೆಯದ ತಿಂಗಳಿದೆಯೇ? ಅಲ್ಲಿ ಏಳುವ ಧೂಳಿನ ಕಣ ಮಿಲಿಮೀಟರಿನ ಎಷ್ಟೋ ಪಾಲು ಚಿಕ್ಕದು. ಕೀಲಿನೊಳಗೆ ಸಣ್ಣ ಬ್ರಷ್ಷಿನಂಥ ಎಳೆಗಳಿದ್ದು ಗುಡಿಸುತ್ತಿರುತ್ತವೆ ನಿಜ. ಆದರೆ ಗೂಗಲ್ 2025ರಲ್ಲಿ ತನ್ನ ಮಡಚುವ ಪಿಕ್ಸೆಲ್‌ಗೆ ಐಪಿ68, ಅಂದರೆ ಧೂಳು ಪೂರ್ತಿ ಬಂದ್ ಎಂಬ ದರ್ಜೆ ಕೊಟ್ಟಿತು. ನಾನಾಗಿದ್ದರೆ ಕ್ಯಾಮೆರಾ ನೋಡುವ ಮೊದಲು ಆ ಅಂಕಿ ನೋಡುತ್ತೇನೆ.

ಸರಿ, ಬಿಚ್ಚಿದ ಮೇಲೆ ಅದು ಟ್ಯಾಬ್ ಆಗುತ್ತದೆಯೇ? ಎಂಟು ಇಂಚು ಎಂದು ಹೇಳುವುದು ಮೂಲೆಯಿಂದ ಮೂಲೆಗೆ ಅಳೆದು. ಆಕಾರ ಹೆಚ್ಚುಕಡಿಮೆ ಚೌಕ. ಟಿವಿ ಪರದೆಯ ಆಕಾರದ ಸಿನಿಮಾ ಚೌಕದಲ್ಲಿ ಕೂರದೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡುತ್ತದೆ. ಉಳಿಯುವ ಚಿತ್ರದ ಅಳತೆ ಸುಮಾರು 6.8 ಇಂಚು. ದೊಡ್ಡದೊಂದು ಮಾಮೂಲಿ ಫೋನಿನಲ್ಲಿ ಇದು ಹತ್ತಿರ ಹತ್ತಿರ ಆರು. 10.9 ಇಂಚಿನ ಐಪ್ಯಾಡಿನಲ್ಲಿ ಹತ್ತಕ್ಕೂ ಮೇಲೆ. ಅಂದರೆ ಸಿನಿಮಾದ ಮಟ್ಟಿಗೆ ಇದು ಫೋನಿಗೇ ಹತ್ತಿರದ ನೆಂಟ. ಓದಿಗೆ ಮಾತ್ರ ಚೌಕ ಒಳ್ಳೆಯದು. ಪುಸ್ತಕದ ಪುಟ, ಎಕ್ಸೆಲ್ ಹಾಳೆ, ಪಕ್ಕಪಕ್ಕದಲ್ಲಿ ಎರಡು ಆ್ಯಪ್ ಇವೆಲ್ಲ ಚೆನ್ನಾಗಿ ಕೂರುತ್ತವೆ. ಕನ್ನಡ ಪತ್ರಿಕೆಯ ಇ-ಪೇಪರ್ ಪುಟ ಇಡಿಯಾಗಿ ತೆರೆದರೆ ಅರ್ಧಕ್ಕಿಂತ ಚಿಕ್ಕದಾಗಿ, ಒತ್ತಕ್ಷರಗಳೆಲ್ಲ ಇರುವೆ ಸಾಲಾಗುತ್ತವೆ.

ಬ್ಯಾಟರಿಯ ಕಥೆ ಇನ್ನೂ ಸೂಕ್ಷ್ಮ. ತೆಳ್ಳಗಿನ ಎರಡು ಹೋಳುಗಳಲ್ಲಿ ಹಂಚಿಟ್ಟರೂ ಫೋಲ್ಡ್ 7ರಲ್ಲಿ ಒಟ್ಟು 4,400 ಎಂಎಎಚ್. ಟ್ಯಾಬುಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಇರುವುದು ಸಾಮಾನ್ಯ. ಸಿನಿಮಾ ನೋಡಿ ಟ್ಯಾಬಿನ ಚಾರ್ಜು ಮುಗಿದರೆ ಸಿನಿಮಾ ನಿಂತಿತು, ಅಷ್ಟೆ. ಫೋನು, ಟ್ಯಾಬು ಎರಡೂ ಒಂದೇ ಆಗಿದ್ದಾಗ ಮೆಟ್ರೊದ ಕ್ಯೂಆರ್ ಟಿಕೆಟ್ಟು, ಯುಪಿಐ, ಆಟೊ ಕರೆಯುವ ಆ್ಯಪ್ಪು ಎಲ್ಲಕ್ಕೂ ಒಟ್ಟಿಗೇ ಕತ್ತಲೆ.

ಇಷ್ಟೆಲ್ಲ ಎಂಜಿನಿಯರುಗಳ ತಲೆನೋವು, ಇಂದಲ್ಲ ನಾಳೆ ವಾಸಿಯಾಗುತ್ತದೆ. ವಾಸಿಯಾಗದ್ದು ಬೇರೆಯೇ ಇದೆ, ಅದು ಸರಿಯಾಗಿ ಹೊಳೆಯುವುದು ಇದೇ ಬೆಂಗಳೂರಿನ ಹಳೆಯ ಯಂತ್ರವೊಂದನ್ನು ನೆನೆದಾಗ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ಮುಂದಿಟ್ಟರು. ಲಿನಕ್ಸ್ ಮೇಲೆ ನಡೆಯುವ ಟಚ್ ಸ್ಕ್ರೀನಿನ ಯಂತ್ರ. ಬರಹವನ್ನು ಕನ್ನಡದಲ್ಲೇ ಓದಿ ಹೇಳಬಲ್ಲ ತಂತ್ರಾಂಶವನ್ನೂ ಅದಕ್ಕಾಗಿ ಬರೆದರು. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡ ಎಂಬ ಮಾದರಿಯನ್ನು ಓರೆ ಮಾಡಿದರೆ ಪುಟ ತಿರುಗುತ್ತಿತ್ತು, ಐಫೋನ್ ಬರಲು ಇನ್ನೂ ಮೂರು ವರ್ಷವಿದ್ದಾಗ! ಸಿಂಪ್ಯೂಟರಿನಲ್ಲಿದ್ದ ಅತಿ ಜಾಣ ಭಾಗ ನನ್ನ ದೃಷ್ಟಿಯಲ್ಲಿ ಅದಲ್ಲ, ಸ್ಮಾರ್ಟ್ ಕಾರ್ಡ್ ತೂರಿಸುವ ಒಂದು ಸೀಳು. ಯಂತ್ರ ಊರಿಗೊಂದು, ಕಾರ್ಡು ತಲೆಗೊಂದು. ಯಾರ ಕಾರ್ಡು ಹಾಕಿದರೆ ಆ ಹೊತ್ತಿಗೆ ಯಂತ್ರ ಅವರದ್ದು.

ಸಿಂಪ್ಯೂಟರ್ ಗೆಲ್ಲಲಿಲ್ಲ. ಹತ್ತು ಸಾವಿರದ ಆಸುಪಾಸಿನಿಂದ ಶುರುವಾಗುವ ಬೆಲೆ, ಮಾರಾಟವಾದದ್ದು ಕೆಲವೇ ಸಾವಿರ. ಅದು ಅಂಗಡಿಗೆ ಬರುವ ಹಿಂದಿನ ವರ್ಷವೇ ರಿಲಯನ್ಸ್ ₹501 ಕೈಗಿಟ್ಟವರಿಗೆ ಮೊಬೈಲು ಕೊಡಲು ಶುರುಮಾಡಿತ್ತು. ಹಲೋ ಎನ್ನಲಾರದ ಕಂಪ್ಯೂಟರಿಗಿಂತ ಹಲೋ ಮಾತ್ರ ಎನ್ನುವ ಫೋನು ಜನಕ್ಕೆ ಹಿತವಾಯಿತು. ಆ ಫೋನೇ ಮುಂದೆ ಬೆಳೆದು ಟ್ಯಾಬನ್ನು ನುಂಗಲು ಹೊರಟಿದೆ.

ಆದರೆ ಫೋನಿನ ಸ್ವಭಾವವೇ ಒಬ್ಬರದ್ದು. ಸಿಮ್ಮು, ಓಟಿಪಿ, ಬ್ಯಾಂಕು, ಬೆರಳಚ್ಚು ಎಲ್ಲ ಒಬ್ಬರಿಗೆ ಕಟ್ಟಿಹಾಕಿದ್ದು. ಟ್ಯಾಬು ಹಾಗಲ್ಲ. ಜೆ.ಪಿ. ನಗರದ ಯಾವ ಮನೆಗೆ ಹೋದರೂ ಟ್ಯಾಬ್ ಇರುವುದು ಸೋಫಾದ ಮೇಲೆ. ಮಧ್ಯಾಹ್ನ ಅಜ್ಜಿಗೆ ಪ್ರವಚನ, ಸಂಜೆ ಮೊಮ್ಮಗಳಿಗೆ ಹೋಂವರ್ಕು, ರಾತ್ರಿ ಊಟದ ಹೊತ್ತಿಗೆ ಅಮೆರಿಕದ ಮಗನ ಜೊತೆ ವಿಡಿಯೊ ಕಾಲ್. ಎರಡನ್ನೂ ಬೆಸೆದರೆ ಅಪ್ಪ ಆಫೀಸಿಗೆ ಹೊರಟ ಕೂಡಲೇ ಮನೆಯ ಟ್ಯಾಬೂ ಜೇಬಿನಲ್ಲಿ ಹೊರಟುಹೋಗುತ್ತದೆ. ಅವರು ಮನೆಯಲ್ಲೇ ಇದ್ದರೂ, ಅಜ್ಜಿಯ ಪ್ರವಚನದ ನಡುವೆ ಅವರ ಬಾಸಿನ ಮೆಸೇಜು ಇಳಿಯುತ್ತದೆ. ಬಿಟಿಎಂ ಲೇಔಟಿನ ಪಿಜಿಯಲ್ಲಿ ಒಂದು ಮಂಚ, ಒಂದು ಕಪಾಟಿನ ಜಾಗದಲ್ಲಿ ಇರುವವರಿಗೆ ಇದ್ಯಾವುದೂ ಬಾಧಿಸದು. ಹಣವಿದ್ದರೆ ಮಡಚುವ ಫೋನು ಅವರಿಗೆ ನಿಜಕ್ಕೂ ಒಪ್ಪುತ್ತದೆ. ಸಂಸಾರವಂದಿಗರಿಗೆ ಮೂವತ್ತು ಸಾವಿರದ ಫೋನು, ಇನ್ನೊಂದು ಮೂವತ್ತು ಸಾವಿರದ ಟ್ಯಾಬು ಕೊಂಡು, ಉಳಿದ ಲಕ್ಷಕ್ಕೆ ಬೇರೆ ದಾರಿ ನೋಡಿ ಎನ್ನುತ್ತೇನೆ.

ಸಿಂಪ್ಯೂಟರಿನ ಆ ಸೀಳಿಗೆ ಸಮನಾದದ್ದು ಆಂಡ್ರಾಯ್ಡ್‌ನಲ್ಲಿ ಈಗಾಗಲೇ ಇದೆ. ಒಂದೇ ಯಂತ್ರದಲ್ಲಿ ಹಲವು ಬಳಕೆದಾರರ ಖಾತೆ ತೆರೆಯುವ ಸೌಲಭ್ಯ 2012ರಲ್ಲಿ ಟ್ಯಾಬುಗಳಿಗೂ 2014ರಲ್ಲಿ ಫೋನುಗಳಿಗೂ ಬಂತು. ಎಲ್ಲ ಕಂಪನಿಗಳೂ ಅದನ್ನು ಫೋನಿನಲ್ಲಿ ಉಳಿಸಿಕೊಂಡಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯಲ್ಲಿ ಮಡಚುವ ಫೋನು ಕೈಗೆ ಸಿಕ್ಕರೆ ಕೀಲನ್ನು ತೆರೆದು ಮುಚ್ಚಿ ನೋಡುವುದಂತೂ ಇದ್ದೇ ಇದೆ. ಹಾಗೆಯೇ ಸೆಟ್ಟಿಂಗ್ಸ್‌ಗೆ ಹೋಗಿ, ಬಳಕೆದಾರರನ್ನು ಸೇರಿಸುವ ಜಾಗ ಇದೆಯೇ ಎಂದೂ ಹುಡುಕಿ.