ಹನ್ನೊಂದನೇ ಸ್ಥಾನದ ಜಟಾಪಟಿ

ಆನ್‌ಲೈನ್ ಕಾರ್ ರೇಸಿಂಗ್ ಅಂದ ಕೂಡಲೇ ಮಕ್ಕಳ ವಿಡಿಯೋ ಗೇಮ್ ನೆನಪಾಗುವವರೇ ಹೆಚ್ಚು. ನಾನು ಹೇಳಹೊರಟಿದ್ದು ಸಿಮ್ಯುಲೇಟರ್ ವಿಷಯ. ಮೇಜಿಗೆ ಬಿಗಿದ ಸ್ಟೀರಿಂಗ್, ಕಾಲಡಿ ಪೆಡಲ್, ಪರದೆಯಲ್ಲಿ ಲೇಸರ್‌ನಿಂದ ಅಳೆದು ಮಾಡಿದ ನಿಜವಾದ ಟ್ರ್ಯಾಕ್. ಪಕ್ಕದ ಕಾರನ್ನು ಓಡಿಸುತ್ತಿರುವವನು ಪೋಲೆಂಡಿನಲ್ಲೋ ಬ್ರೆಜಿಲ್‌ನಲ್ಲೋ ತನ್ನ ಮನೆಯಲ್ಲಿ ಕೂತಿರುತ್ತಾನೆ. ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಈ ಹುಚ್ಚಿಗೆ ಸಿಕ್ಕಿರುವುದು ಒಂದು ಮೂಲೆ, ವಾರಕ್ಕೆ ಮೂರ್ನಾಲ್ಕು ಗಂಟೆ. ಅಷ್ಟೇ ಇರುವುದರಿಂದ, ಒಳ್ಳೆಯ ರೇಸ್ ಎಲ್ಲಿ ಸಿಗುತ್ತದೆ ಎಂಬುದು ನನಗೆ ಸಣ್ಣ ಪ್ರಶ್ನೆಯಲ್ಲ.

ಒಳ್ಳೆಯ ರೇಸ್ ಅಂದರೆ ಗೆಲ್ಲುವುದು ಅಂತ ತಿಳಿಯಬೇಡಿ. ಮುಂದೆ ಯಾರೂ ಇಲ್ಲದೆ, ಹಿಂದೆ ಹತ್ತು ಸೆಕೆಂಡು ಯಾರೂ ಇಲ್ಲದೆ ಮೊದಲಿಗನಾಗುವುದು ಮಟಮಟ ಮಧ್ಯಾಹ್ನ ಖಾಲಿ ಹೆದ್ದಾರಿಯಲ್ಲಿ ಹೋದಂತೆ. ಹನ್ನೊಂದನೇ ಸ್ಥಾನಕ್ಕಾಗಿ ಮೂರು ಕಾರು ಒಂದರ ಬಾಲ ಇನ್ನೊಂದು ಹಿಡಿದು ಹದಿನೈದು ನಿಮಿಷ ಓಡಿದರೆ, ಕೊನೆಗೆ ಹದಿಮೂರನೆಯವನಾದರೂ ಅಂಗೈ ಬೆವೆತಿರುತ್ತದೆ. ಅದು ರೇಸ್.

ಇದಕ್ಕೆ ಬೇಕಾದದ್ದು ಸರಿಸಮಾನ ಎದುರಾಳಿ. 2008ರಲ್ಲಿ ಶುರುವಾದ ಐರೇಸಿಂಗ್ ಈ ಕೆಲಸವನ್ನು ಲೆಕ್ಕದಿಂದ ಮಾಡುತ್ತದೆ. ಚೆಸ್‌ನ ಇಲೋ ರೇಟಿಂಗ್ ಹಾಗೆಯೇ ಇಲ್ಲಿ ಐರೇಟಿಂಗ್ ಇದೆ: ನಿಮಗಿಂತ ಬಲಿಷ್ಠರನ್ನು ಹಿಂದಿಕ್ಕಿದರೆ ಜಾಸ್ತಿ ಏರುತ್ತದೆ, ದುರ್ಬಲರ ಹಿಂದೆ ಬಿದ್ದರೆ ಜಾಸ್ತಿ ಇಳಿಯುತ್ತದೆ. ಒಂದು ರೇಸಿಗೆ ಅರವತ್ತು ಜನ ಹೆಸರು ಕೊಟ್ಟರು, ಟ್ರ್ಯಾಕಿನಲ್ಲಿ ಇಪ್ಪತ್ತಕ್ಕೇ ಜಾಗ ಅಂತಿಟ್ಟುಕೊಳ್ಳಿ. ರೇಟಿಂಗ್ ಪ್ರಕಾರ ಮೂರು ಗುಂಪು ಮಾಡಿ ಮೂರು ರೇಸ್ ನಡೆಸುತ್ತಾರೆ. ಇದಕ್ಕೆ ಸ್ಪ್ಲಿಟ್ ಎಂದು ಹೆಸರು. ನಮ್ಮ ಕಡೆಯ ಕಂಬಳದಲ್ಲಿ ನೇಗಿಲು ಕಿರಿಯ, ಹಗ್ಗ ಹಿರಿಯ ಅಂತೆಲ್ಲ ವಿಭಾಗ ಮಾಡುವುದೂ ಕೋಣಗಳ ಜೋಡಿಗೆ ತಕ್ಕ ಜೋಡಿ ಸಿಗಲಿ ಅಂತಲೇ ಅಲ್ಲವೇ?

ಗುಟ್ಟು ಇರುವುದು ಇಲ್ಲಿ. ಜನ ಹೆಚ್ಚಿದ್ದಷ್ಟೂ ಸ್ಪ್ಲಿಟ್ ಹೆಚ್ಚು, ಸ್ಪ್ಲಿಟ್ ಹೆಚ್ಚಿದ್ದಷ್ಟೂ ಅದರೊಳಗಿನ ಅಂತರ ಕಡಿಮೆ. ಹದಿನಾಲ್ಕೇ ಜನ ಬಂದರೆ 1000 ರೇಟಿಂಗಿನವನೂ 4000ದವನೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಎರಡು ಸುತ್ತಿನೊಳಗೆ ಎಲ್ಲರೂ ಚದುರಿಹೋಗುತ್ತಾರೆ. ಹಾಗಾಗಿ ಇಷ್ಟದ ಕಾರನ್ನು ಆರಿಸುವುದಕ್ಕಿಂತ ಗಡಿಯಾರ ನೋಡುವುದು ಮುಖ್ಯ. ಯುರೋಪಿನವರು ಬೇಸಿಗೆಯಲ್ಲಿ ರಾತ್ರಿ ಎಂಟಕ್ಕೆ ಸ್ಟೀರಿಂಗ್ ಹಿಡಿದರೆ ನಮಗೆ ಹನ್ನೊಂದೂವರೆ. ಅಮೆರಿಕದ ಪೂರ್ವ ತೀರದವರ ರಾತ್ರಿ ಎಂಟು ನಮ್ಮ ನಸುಕಿನ ಐದೂವರೆ. ಮರುದಿನ ಆಫೀಸು ಇರುವವರಿಗೆ ನನ್ನ ಸಲಹೆ ಭಾನುವಾರ ಸಂಜೆ. ಅಲ್ಲಿ ಆಗ ಮಧ್ಯಾಹ್ನ, ಎಲ್ಲರಿಗೂ ರಜೆ.

ಕಾರಿನ ಮಾತಿಗೆ ಬಂದರೆ, ನಿಧಾನದ ಕಾರೇ ವಾಸಿ. ಹೊಸಬರಿಗೆ ಕೊಡುವ ಮಜ್ದಾ ಎಂಎಕ್ಸ್-5 ನೋಡಿ ಮೂಗು ಮುರಿಯುವವರಿದ್ದಾರೆ. ಆದರೆ ಫಾರ್ಮುಲಾ ಕಾರುಗಳು ರೆಕ್ಕೆಯ ಮೇಲಿನ ಗಾಳಿಯ ಒತ್ತಡದಿಂದ ನೆಲ ಕಚ್ಚುತ್ತವೆ; ಇನ್ನೊಂದು ಕಾರಿನ ಹಿಂದಿನ ಕಲಕಿದ ಗಾಳಿಯಲ್ಲಿ ಆ ಹಿಡಿತ ತಪ್ಪುತ್ತದೆ. ಮಜ್ದಾಗೆ ಆ ತಾಪತ್ರಯ ಕಡಿಮೆ. ನೇರ ದಾರಿಯಲ್ಲಿ ಮುಂದಿನವನು ಗಾಳಿ ಸೀಳಿಕೊಡುತ್ತಾನೆ, ಹಿಂದಿನವನು ಪುಕ್ಕಟೆಯಾಗಿ ಹತ್ತಿರ ಬರುತ್ತಾನೆ. ಕ್ಯಾಲಿಫೋರ್ನಿಯಾದ ಲಗೂನಾ ಸೆಕಾದಲ್ಲಿ ಕಾರ್ಕ್‌ಸ್ಕ್ರೂ ಎಂಬ ತಿರುವಿದೆ, ಸುಮಾರು 18 ಮೀಟರ್ ಧುತ್ತನೆ ಕೆಳಗಿಳಿಯುತ್ತದೆ. ಅದಕ್ಕೆ ಇಬ್ಬರು ಅಕ್ಕಪಕ್ಕವಾಗಿ ಇಳಿಯುವಾಗ ಕಾರಿನ ವೇಗ ಎಷ್ಟು ಅಂತ ಯಾರೂ ಕೇಳುವುದಿಲ್ಲ.

ರೇಟಿಂಗ್ ಸರಿಹೊಂದಿದರೆ ಸಾಕೇ? ಸಾಲದು. ಪಕ್ಕದವನು ಗುದ್ದುವುದಿಲ್ಲ ಎಂಬ ನಂಬಿಕೆ ಬೇಕು. ಅದಕ್ಕೇ ಸೇಫ್ಟಿ ರೇಟಿಂಗ್ ಬೇರೆ ಇದೆ. ಗ್ರಾನ್ ಟುರಿಸ್ಮೊ 7ರಲ್ಲೂ ವೇಗಕ್ಕೊಂದು, ನಡತೆಗೊಂದು ಅಂಕ. ಐರೇಸಿಂಗ್‌ನಲ್ಲಿ ಎರಡು ಕಾರು ಜೋರಾಗಿ ತಾಗಿದರೆ ತಪ್ಪು ಯಾರದೆಂದು ಕೇಳದೆ ಇಬ್ಬರಿಗೂ ದಂಡ. ಅನ್ಯಾಯ ಅಂತ ಬೈಯುವವರು ಬಹಳ. ನನಗೆ ಮಾತ್ರ ಇದು ಸರಿ ಅನ್ನಿಸುತ್ತದೆ: ಗುದ್ದುವವನಿಂದ ದೂರ ಇರುವುದೂ ಚಾಲಕನ ಕಲೆಯೇ. ಬೇಕೆಂದೇ ಸೋತು ರೇಟಿಂಗ್ ಇಳಿಸಿಕೊಂಡು, ಕೆಳಗಿನ ಸ್ಪ್ಲಿಟ್‌ಗೆ ಬಂದು ಗೆಲ್ಲುವವರ ಬಗ್ಗೆ ಮಾತ್ರ ನನಗೆ ಕನಿಕರವೂ ಇಲ್ಲ. ಏಳನೇ ಕ್ಲಾಸಿನವನು ಮೂರನೇ ಕ್ಲಾಸಿನವರ ಜೊತೆ ಕಬಡ್ಡಿ ಆಡಿದಂತೆ.

ಐರೇಸಿಂಗ್‌ನಲ್ಲಿ ಅಡ್ಡಹೆಸರು ನಡೆಯುವುದಿಲ್ಲ, ನಿಜ ಹೆಸರಲ್ಲೇ ಓಡಬೇಕು. ಒಂದೇ ಸರಣಿಯಲ್ಲಿ, ಒಂದೇ ಹೊತ್ತಿಗೆ ಕೆಲವು ವಾರ ಓಡಿದರೆ ಅದೇ ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ. ಯಾರು ಬ್ರೇಕ್ ತಡವಾಗಿ ಹಾಕುತ್ತಾರೆ, ಯಾರು ಪಕ್ಕದಲ್ಲಿ ಒಂದು ಕಾರಿನಷ್ಟು ಜಾಗ ಬಿಡುತ್ತಾರೆ, ಗೊತ್ತಾಗಿಬಿಡುತ್ತದೆ. ನನಗೆ ಅಂಥ ನಾಲ್ಕೈದು ಜನ ಇದ್ದಾರೆ. ಮುಖ ನೋಡಿಲ್ಲ, ಒಬ್ಬ ಏನು ಕೆಲಸ ಮಾಡುತ್ತಾನೆಂದೂ ಗೊತ್ತಿಲ್ಲ. ಸಾಲಿನಲ್ಲಿ ಅವನ ಹೆಸರು ನನ್ನ ಪಕ್ಕದಲ್ಲಿ ಕಂಡರೆ ಆ ಭಾನುವಾರ ಟೀ ಆರಿದರೂ ಪರವಾಗಿಲ್ಲ.