ಜಮಖಾನದ ನವಿಲು ಮತ್ತು ಅಮೂರ್ತ ಚಿತ್ರ

ಅಮೂರ್ತ ಚಿತ್ರದ ಮುಂದೆ ನಿಂತ ನಮ್ಮ ಜನ ಸಾಮಾನ್ಯವಾಗಿ ಎರಡು ಬಗೆಯಾಗಿ ನಡೆದುಕೊಳ್ಳುತ್ತಾರೆ. ಕೆಲವರು ನಕ್ಕು, ‘ಇಂಥದನ್ನು ನನ್ನ ಮೊಮ್ಮಗನೂ ಬರೆದಾನು’ ಎನ್ನುತ್ತಾರೆ. ಇನ್ನು ಕೆಲವರು ಏನೂ ತಿಳಿಯದಿದ್ದರೂ ಗಂಭೀರವಾಗಿ ತಲೆದೂಗಿ ಮುಂದಿನ ಚಿತ್ರಕ್ಕೆ ಸರಿಯುತ್ತಾರೆ. ನಕ್ಕವನೂ ಚಿತ್ರವನ್ನು ನೋಡಿಲ್ಲ, ತಲೆದೂಗಿದವನೂ ನೋಡಿಲ್ಲ. ಇವರಿಬ್ಬರ ನಡುವೆ ಸಿಕ್ಕಿಕೊಳ್ಳುವವನು ವಿದ್ಯಾರ್ಥಿ. ಅದರಲ್ಲಿಯೂ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಹಳ್ಳಿಗಳಿಂದ ಚಿತ್ರಕಲೆ ಕಲಿಯಲು ಹೊರಟವರಿಗೆ ಇದು ದೊಡ್ಡ ಪಟ್ಟಣದವರ ವಿದ್ಯೆ, ನಮ್ಮ ನೆಲದ್ದಲ್ಲ ಎಂಬ ಅಳುಕು ಇದ್ದೇ ಇರುತ್ತದೆ. ಅಳುಕಿದವನು ಒಂದೋ ಕಲಿಕೆಯನ್ನು ಕೈಬಿಡುತ್ತಾನೆ, ಇಲ್ಲವೆ ತಿಳಿಯದುದನ್ನು ತಿಳಿದವನಂತೆ ಬರೆಯತೊಡಗುತ್ತಾನೆ. ಎರಡನೆಯದು ಹೆಚ್ಚು ಅಪಾಯಕರ.

ನಾನು ಕನ್ನಡ ಕಲಿಸಿ ನಿವೃತ್ತನಾದವನು; ವೃತ್ತಿಯ ಚಿತ್ರಕಾರನಲ್ಲ. ಆದರೆ ಹೈಸ್ಕೂಲಿನ ದಿನಗಳಿಂದಲೂ ಕುಂಚದ ನಂಟು ತಪ್ಪಿಲ್ಲ. 1970ರ ದಶಕದಲ್ಲಿ ನಮ್ಮಂಥವರಿಗೆ ಚಿತ್ರಕಲೆಯೆಂದರೆ ಡ್ರಾಯಿಂಗಿನ ಲೋಯರ್ ಮತ್ತು ಹಾಯರ್ ಪರೀಕ್ಷೆಗಳು. ಹೂಜಿ, ಬುಟ್ಟಿ, ಬಾಳೆಹಣ್ಣುಗಳನ್ನು ಮುಂದಿಟ್ಟುಕೊಂಡು ಇದ್ದುದನ್ನು ಇದ್ದಂತೆ ಬರೆಯುವುದು ಒಂದು ಭಾಗ. ನೆನಪಿನಿಂದ ಸಂತೆಯನ್ನೋ ಜಾತ್ರೆಯನ್ನೋ ಬರೆಯುವುದು ಇನ್ನೊಂದು. ಇವೆರಡರ ಜೊತೆಗೆ ‘ಡಿಸೈನ್’ ಎಂಬುದೊಂದಿತ್ತು. ಕೊಟ್ಟ ಚೌಕವನ್ನು ಆಕಾರಗಳಿಂದ, ಎಣಿಸಿದ ಕೆಲವೇ ಬಣ್ಣಗಳಿಂದ ತುಂಬಬೇಕು. ಅಲ್ಲಿ ‘ಇದು ಏನು?’ ಎಂದು ಯಾರೂ ಕೇಳುತ್ತಿರಲಿಲ್ಲ. ತೂಕ ಸರಿಯಿದೆಯೇ, ಖಾಲಿ ಜಾಗ ಸತ್ತು ಬಿದ್ದಿಲ್ಲವೇ, ಒಂದು ಬಣ್ಣ ಇನ್ನೊಂದನ್ನು ನುಂಗಿಲ್ಲವೇ ಎಂದಷ್ಟೇ ಕೇಳುತ್ತಿದ್ದರು. ಅಮೂರ್ತ ಚಿತ್ರವನ್ನು ಪರೀಕ್ಷಿಸುವ ಪ್ರಶ್ನೆಗಳೂ ಮೊದಲಿಗೆ ಇವೇ. ಹಾಗಿದ್ದೂ ನಾವೆಲ್ಲ ಈ ಭಾಗವನ್ನು ಅಂಕ ಗಳಿಸುವ ಸುಲಭದ ದಾರಿಯೆಂದು ಬಗೆದು, ಹೂಜಿಯನ್ನೇ ಕಲೆಯೆಂದು ತಿಳಿದಿದ್ದೆವು.

ನಮ್ಮ ಡ್ರಾಯಿಂಗ್ ಮಾಸ್ತರರು ಒಂದು ದಿನ ನವಲಗುಂದದ ಜಮಖಾನವೊಂದನ್ನು ತರಗತಿಗೆ ತಂದು, ಗೋಡೆಗೆ ತಲೆಕೆಳಗಾಗಿ ತೂಗುಹಾಕಿದರು. ಅದರ ಮೇಲೆ ನವಿಲುಗಳಿದ್ದವು. ನವಲಗುಂದದ ಜಮಖಾನಗಳನ್ನು ಬಲ್ಲವರಿಗೆ ಗೊತ್ತು: ಅಲ್ಲಿಯ ಮುಸಲ್ಮಾನ ಮನೆತನಗಳ ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಹತ್ತಿಯ ನೂಲಿನಲ್ಲಿ ನವಿಲು, ಪಗಡೆಹಾಸುಗಳನ್ನು ನೇಯುತ್ತ ಬಂದವರು. ಮಾಸ್ತರರು ಕೇಳಿದ್ದು ಒಂದೇ ಪ್ರಶ್ನೆ: ಈ ನವಿಲಿಗೆ ದುಂಡಾದ ಕುತ್ತಿಗೆ ಏಕಿಲ್ಲ?

ಉತ್ತರ ಮಗ್ಗದಲ್ಲಿದೆ. ಹಾಸು ಹೊಕ್ಕುಗಳು ಒಂದಕ್ಕೊಂದು ಅಡ್ಡವಾಗಿ ಸಾಗುವುದರಿಂದ ನೂಲಿಗೆ ದುಂಡಗೆ ಹೊರಳುವುದು ಕಷ್ಟ. ಅದು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು, ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ನೇಯುವವಳು ನವಿಲಿನ ಮೈಯಿಂದ ಮಗ್ಗ ಒಪ್ಪದುದನ್ನೆಲ್ಲ ಬಿಡುತ್ತಾಳೆ. ಕಣ್ಣು, ಗರಿಯ ಮಿನುಗು, ಕಾಲಿನ ಉಗುರು ಎಲ್ಲ ಹೋಗುತ್ತವೆ. ಉಳಿಯುವುದು ಕುತ್ತಿಗೆಯ ನಿಲುವು ಮತ್ತು ಬಾಲದ ಹರವು. ಆಶ್ಚರ್ಯವೆಂದರೆ, ಇಷ್ಟೆಲ್ಲ ಹೋದ ಮೇಲೂ ನವಿಲಿನ ಠೀವಿ ಹೋಗುವುದಿಲ್ಲ. ಕೆಲವೊಮ್ಮೆ ಹೆಚ್ಚಾಗಿಯೇ ಕಾಣುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನವಿಲನ್ನೇ ತೆಗೆದು ಠೀವಿಯನ್ನು ಮಾತ್ರ ಉಳಿಸಿಕೊಂಡರೆ? ಜಮಖಾನವನ್ನು ತಲೆಕೆಳಗಾಗಿ ತೂಗಿದ್ದು ಇದಕ್ಕೇ. ಪಕ್ಷಿಯೆಂಬ ಗುರುತು ಸಿಕ್ಕದಾಗ ಕಣ್ಣು ಅನಿವಾರ್ಯವಾಗಿ ಆಕಾರವನ್ನು, ಬಣ್ಣದ ಅಂತರವನ್ನು ನೋಡತೊಡಗುತ್ತದೆ.

ಹಾಲೆಂಡಿನ ಪೀಟ್ ಮೋಂಡ್ರಿಯಾನ್ (1872–1944) ಮರದೊಂದಿಗೆ ಮಾಡಿದ್ದೂ ಇದನ್ನೇ. ಆತನ ‘ಕೆಂಪು ಮರ’, 1911ರ ‘ಬೂದು ಮರ’, 1912ರ ‘ಹೂಬಿಟ್ಟ ಸೇಬಿನ ಮರ’, ಈ ಮೂರನ್ನು ಸಾಲಾಗಿ ನೋಡಿದರೆ ಕೊಂಬೆಗಳು ಕ್ರಮೇಣ ಬಾಗುಗೆರೆಗಳ ಬಲೆಯಾಗುವುದು ಕಾಣುತ್ತದೆ. ಮುಂದೆ ಆತ ಅಡ್ಡ ಉದ್ದದ ಗೆರೆಗಳಿಗೇ ಬಂದು ನಿಂತ. ವಿದ್ಯಾರ್ಥಿಗೆ ಮೊದಲ ಪಾಠವಾಗಿ ಈ ಮೂರು ಮರಗಳಿಗಿಂತ ಉತ್ತಮವಾದುದನ್ನು ನಾನು ಕಾಣೆ. ಅಮೂರ್ತವೆಂದರೆ ಗೊಂದಲವಲ್ಲ, ಆಯ್ದು ಬಿಡುವುದು ಎಂಬುದು ಇಲ್ಲಿ ವಿವರಣೆಯಿಲ್ಲದೆ ಮನದಟ್ಟಾಗುತ್ತದೆ.

ಬಿಡುವುದಕ್ಕೂ ಶಿಸ್ತು ಬೇಕು. ನಮ್ಮ ಕಡೆಯ ಕಸೂತಿಯನ್ನು ನೋಡಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ. ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ಗಾವಂತಿ ಹೊಲಿಗೆಯಲ್ಲಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗವನ್ನು ತುಂಬಬೇಕು. ಗಂಟು ಕಾಣಬಾರದು, ಹಿಂದೆ ಮುಂದೆ ಎರಡೂ ಒಂದೇ ಆಗಿರಬೇಕು. ಎಲ್ಲೋ ಒಂದು ಎಳೆ ತಪ್ಪಿದರೆ ಗೋಪುರ ಪೂರ್ಣವಾಗುವುದಿಲ್ಲ. ಇನ್ನು ಅಣ್ಣಿಗೇರಿಯ ಅಮೃತೇಶ್ವರ ಗುಡಿಗೆ ಬನ್ನಿ. ಹನ್ನೊಂದನೆಯ ಶತಮಾನದ ಚಾಲುಕ್ಯರ ಕಟ್ಟಡ. ಗೋಡೆಯ ಶಿಲ್ಪಗಳನ್ನು ನೋಡಲು ಬಂದವರು ಒಳಗಿನ ಕಂಬಗಳನ್ನು ಕೈಯಿಂದ ಸವರಿ ಮುಂದೆ ಹೋಗುತ್ತಾರೆ. ಬಳೆಯ ಮೇಲೆ ಬಳೆ, ನಡುವೆ ಕೊರೆದ ನೆರಳಿನ ಗೆರೆ, ಅಷ್ಟೆ. ದೇವರೂ ಇಲ್ಲ, ಕಥೆಯೂ ಇಲ್ಲ; ಆದರೂ ಆ ಕಂಬದ ಮುಂದೆ ‘ಇದರ ಅರ್ಥವೇನು?’ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಕೆಲವು ವರ್ಷಗಳ ಹಿಂದೆ ತಾಲೂಕಿನ ಕಾಲೇಜೊಂದರ ಚಿತ್ರಪ್ರದರ್ಶನದಲ್ಲಿ ವಿದ್ಯಾರ್ಥಿನಿಯೊಬ್ಬಳ ತಂದೆ ಮಗಳ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದರು. ಒಕ್ಕಲುತನದ ಮನೆ. ಕೊನೆಗೆ ನನ್ನ ಕಡೆ ತಿರುಗಿ, ‘ಸರ್, ಇದರಾಗ ಏನೈತ್ರಿ?’ ಎಂದರು. ಅವರು ಸಂಗೀತದ ಹುಚ್ಚಿನವರು. ಸವಾಯಿ ಗಂಧರ್ವರ ಉತ್ಸವಕ್ಕೆ ಕುಂದಗೋಳಕ್ಕೆ ಹೋಗಿ ಬೆಳತನಕ ಕೂಡುವವರು. ‘ಯಜಮಾನ್ರ, ಆಲಾಪದಾಗ ಏನಿರತೈತ್ರಿ?’ ಎಂದೆ. ‘ಅದರಾಗ ರಾಗ ಇರತೈತ್ರಿ. ಇದರಾಗ?’ ಎಂದು ಅವರು ತಟ್ಟನೆ ಕೇಳಿದರು.

ಪ್ರಶ್ನೆ ಬಹಳ ಸರಿಯಾದದ್ದು. ಸವಾಯಿ ಗಂಧರ್ವರ (1886–1952) ನೆಲದಲ್ಲಿ, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕಲಿಯಲು ಹೋಗುತ್ತಿದ್ದ ಊರಿನಲ್ಲಿ, ಭೀಮಸೇನ ಜೋಶಿಯವರು ತೋಡಿ, ಮುಲ್ತಾನಿ, ಪೂರಿಯಾಗಳನ್ನು ವರ್ಷಗಟ್ಟಲೆ ತಿದ್ದಿಕೊಂಡ ಊರಿನಲ್ಲಿ, ಅಕ್ಷರ ಬಾರದ ರೈತನೂ ಮಾತಿಲ್ಲದ ಸ್ವರವಿಸ್ತಾರಕ್ಕೆ ‘ಆಹಾ’ ಎನ್ನಬಲ್ಲ. ಕಿರಾಣಾ ಘರಾಣೆಯ ಗಾಯಕರು ಒಂದೇ ಸ್ವರದ ಸುತ್ತ ನಿಧಾನವಾಗಿ ಕಟ್ಟುತ್ತ ಹೋಗುವಾಗ ಆತ ಅರ್ಥವನ್ನು ಹುಡುಕುವುದಿಲ್ಲ. ಮುಂದಿನ ಸ್ವರಕ್ಕಾಗಿ ಕಾಯುತ್ತಾನೆ. ನಮ್ಮ ಕಿವಿ ಅಮೂರ್ತವನ್ನು ಎಂದೋ ಕಲಿತಿದೆ. ಕಾವ್ಯದ ಕಿವಿಯೂ ಅಷ್ಟೆ. ಬೇಂದ್ರೆಯವರು 1938ರಷ್ಟು ಹಿಂದೆಯೇ ತಮ್ಮ ಸಂಕಲನಕ್ಕೆ ‘ನಾದಲೀಲೆ’ ಎಂದು ಹೆಸರಿಟ್ಟರು. ಹಿಂದುಳಿದಿರುವುದು ಕಣ್ಣು.

ಆದರೆ ಆ ಯಜಮಾನರ ಪ್ರಶ್ನೆಯಲ್ಲಿ ಇನ್ನೊಂದು ಸತ್ಯವೂ ಇತ್ತು. ರಾಗಕ್ಕೆ ಹಾಡುವವನೂ ಕೇಳುವವನೂ ಒಪ್ಪಿದ ವ್ಯಾಕರಣವಿದೆ. ಕಸೂತಿಗೂ ಇದೆ. ಇಂದಿನ ಅಮೂರ್ತ ಚಿತ್ರಕಾರನಿಗೆ ಅಂಥ ಸಿದ್ಧ ವ್ಯಾಕರಣವಿಲ್ಲ. ಅವನೇ ಅದನ್ನು ಕಟ್ಟಿಕೊಂಡು, ತನ್ನ ಚಿತ್ರಗಳ ಮೂಲಕವೇ ನಮಗೆ ಕಲಿಸಬೇಕು. ಸಂಗೀತದೊಡನೆ ಹೋಲಿಸಿ ಸುಮ್ಮನಾಗುವವರು ಈ ತೊಡಕನ್ನು ಮರೆಮಾಡುತ್ತಾರೆ. ಆದ್ದರಿಂದಲೇ ಒಬ್ಬ ಚಿತ್ರಕಾರನ ಒಂದೇ ಚಿತ್ರವನ್ನು ನೋಡಿ ತೀರ್ಪು ಕೊಡಬಾರದು; ಹತ್ತನ್ನು ನೋಡಬೇಕು. ಎಸ್.ಎಚ್. ರಝಾ (1922–2016) ಅವರ ಬಿಂದು ಒಂದು ಚಿತ್ರದಲ್ಲಿ ಬರಿಯ ಕಪ್ಪು ವೃತ್ತ. ಶಾಲೆಯಲ್ಲಿ ಚಂಚಲನಾಗಿದ್ದ ಹುಡುಗನನ್ನು ಗುರುಗಳು ಗೋಡೆಯ ಮೇಲಿನ ಒಂದು ಚುಕ್ಕೆಯನ್ನು ದಿಟ್ಟಿಸಲು ಕೂರಿಸಿದ್ದರೆಂದು ಅವರೇ ಹೇಳಿಕೊಂಡಿದ್ದುಂಟು. ಹಲವು ಚಿತ್ರಗಳನ್ನು ನೋಡಿದ ಮೇಲೆ ಅದೇ ವೃತ್ತ ಬೀಜವಾಗಿ, ಕತ್ತಲಾಗಿ, ಷಡ್ಜದಂತೆ ಎಲ್ಲಕ್ಕೂ ಆಧಾರವಾಗಿ ಕೆಲಸ ಮಾಡುವುದು ತಿಳಿಯುತ್ತದೆ.

ವಿ.ಎಸ್. ಗಾಯತೊಂಡೆ (1924–2001) ಅವರ ದಾರಿ ಬೇರೆ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು 1948ರಲ್ಲಿ ಹೊರಬಂದ ಅವರು, ತಮ್ಮ ಚಿತ್ರಗಳಿಗೆ ‘ಅಮೂರ್ತ’ವೆಂಬ ಹೆಸರನ್ನೂ ಒಪ್ಪಲಿಲ್ಲ; ವಸ್ತುರಹಿತವೆಂಬ ಮಾತೇ ಅವರಿಗೆ ಹಿತವೆನಿಸಿತ್ತು. ರೋಲರಿನಿಂದ ಬಣ್ಣ ಹರಡಿ, ಅಲಗಿನಿಂದ ತೆಗೆದು, ಪದರದ ಮೇಲೆ ಪದರ ಹಾಕುತ್ತ ವರ್ಷಕ್ಕೆ ಬೆರಳೆಣಿಕೆಯಷ್ಟೇ ಚಿತ್ರಗಳನ್ನು ಮುಗಿಸುತ್ತಿದ್ದರು. ಮೊಮ್ಮಗನೂ ಬರೆದಾನು ಎನ್ನುವವರು ಈ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಲ್ಲಿ ನಮ್ಮ ಹಳ್ಳಿಯ ವಿದ್ಯಾರ್ಥಿಗೆ ನಿಜವಾದ ಅನ್ಯಾಯವಾಗುತ್ತಿದೆ. ಗಾಯತೊಂಡೆಯವರ ಪದರಗಳು ಅಚ್ಚಿನಲ್ಲಿ ಕಾಣುವುದಿಲ್ಲ, ಮೊಬೈಲಿನ ಪರದೆಯಲ್ಲಿ ಮೊದಲೇ ಕಾಣುವುದಿಲ್ಲ. ಗುರುತು ಹಿಡಿಯಬಹುದಾದ ಚಿತ್ರ ಎಷ್ಟು ಚಿಕ್ಕದಾದರೂ ಕುದುರೆ ಕುದುರೆಯೇ. ಅಮೂರ್ತ ಚಿತ್ರ ಅಂಗೈಯಗಲಕ್ಕೆ ಕುಗ್ಗಿದರೆ ಉಳಿಯುವುದು ಬಣ್ಣದ ಕಲೆ ಮಾತ್ರ. 2009ರಲ್ಲಿ ಬೆಂಗಳೂರಿನ ಮಾಣಿಕ್ಯವೇಲು ಭವನದಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ತೆರೆಯಿತು, ನಿಜ. ಆದರೆ ನವಲಗುಂದದಿಂದ ಅದು ಒಂದು ರಾತ್ರಿಯ ಪ್ರಯಾಣ. ಮೂಲಚಿತ್ರವನ್ನೇ ನೋಡದೆ ಅಮೂರ್ತ ಕಲೆಯ ಮೇಲೆ ಪರೀಕ್ಷೆಯ ಉತ್ತರ ಬರೆಯುವವರು ನಮ್ಮಲ್ಲಿ ಎಷ್ಟೋ ಜನ. ರಾಗವನ್ನು ಕೇಳದೆ ಅದರ ಆರೋಹಣ ಅವರೋಹಣಗಳನ್ನು ಬಾಯಿಪಾಠ ಮಾಡಿದಂತೆ.

ಹಾಗಾದರೆ ರಚನೆಯನ್ನು ಎಲ್ಲಿಂದ ತೊಡಗಬೇಕು? ನೋಡುವುದರಿಂದ. ರಷ್ಯದ ಕ್ಯಾಂಡಿನ್‌ಸ್ಕಿ 1896ರಲ್ಲಿ ಮಾಸ್ಕೋದ ಪ್ರದರ್ಶನವೊಂದರಲ್ಲಿ ಮೋನೆಯ ಚಿತ್ರದ ಮುಂದೆ ನಿಂತಾಗ, ಅದು ಹುಲ್ಲಿನ ಬಣವೆಯೆಂಬುದು ಅವನಿಗೆ ತಿಳಿದದ್ದು ಪಟ್ಟಿಯನ್ನು ಓದಿದ ಮೇಲೆ. ವಸ್ತು ತಿಳಿಯುವ ಮೊದಲೇ ಬಣ್ಣ ಅವನನ್ನು ಹಿಡಿದಿತ್ತು. ಕಾನೂನಿನ ಪಾಂಡಿತ್ಯವನ್ನು ಬಿಟ್ಟು, ಮೂವತ್ತರ ವಯಸ್ಸಿನಲ್ಲಿ ಆತ ಚಿತ್ರ ಕಲಿಯಲು ಮ್ಯೂನಿಕ್‌ಗೆ ಹೋದ. ಬಣವೆಗಳಿಗೆ ನಮ್ಮಲ್ಲೇನು ಬರವೇ!

ಮೇಲೆ ಹೇಳಿದ ವಿದ್ಯಾರ್ಥಿನಿ ಆರಿಸಿಕೊಂಡದ್ದು ಬಣವೆಯನ್ನಲ್ಲ, ಬೇಸಿಗೆಯಲ್ಲಿ ಬಿರಿದ ಎರೆಹೊಲವನ್ನು. ಮೊದಲ ಹಾಳೆಯಲ್ಲಿ ಪ್ರತಿಯೊಂದು ಬಿರುಕನ್ನೂ ಕಂಡಂತೆ ಬರೆದಳು, ಅದು ನಕಾಶೆಯಾಯಿತು. ಬರೆದದ್ದು ವ್ಯರ್ಥವಲ್ಲ, ಬಿಡಬೇಕಾದುದನ್ನು ಮೊದಲು ಬಲ್ಲವಳಾಗಿರಬೇಕಲ್ಲ. ಎರಡನೆಯದರಲ್ಲಿ ದೊಡ್ಡ ಬಿರುಕುಗಳನ್ನಷ್ಟೇ ಉಳಿಸಿದಳು. ಮೂರನೆಯದರಲ್ಲಿ ಬಿರುಕನ್ನು ಬಿಟ್ಟು ಬಿರುಕುಗಳ ನಡುವಿನ ಹೆಂಟೆಯ ಆಕಾರಗಳನ್ನು ಬರೆದಳು. ಚಿತ್ರ ತಿರುಗಿದ್ದು ಅಲ್ಲಿ. ಖಾಲಿಯೆಂದು ತಿಳಿದದ್ದು ತುಂಬಿಕೊಂಡಿತು, ತುಂಬಿದ್ದು ಖಾಲಿಯಾಯಿತು. ಆಮೇಲೆ ಹೊಲದ ಮಣ್ಣನ್ನೇ ಸೋಸಿ ಅಂಟಿನಲ್ಲಿ ಕಲಸಿ ಬಳಿದಳು. ಒಣಗಿದಾಗ ಅದೂ ಅಲ್ಲಲ್ಲಿ ಬಿರಿಯಿತು. ಒಂದು ಮೂಲೆಯಲ್ಲಿ ಕುಸುಬಿಯ ಹಳದಿಯ ಸಣ್ಣ ಗೀರು. ಅದು ಅಲ್ಲಿ ಏಕೆ ಬಂತೆಂದು ಕೇಳಿದೆ. ‘ಅಲ್ಲಿ ಇರದಿದ್ರ ಎಡಕ್ಕ ವಾಲತಿತ್ರಿ ಸರ್’ ಎಂದಳು. ಕಾರಣ ಕೊಡಬಲ್ಲವಳಾಗಿದ್ದಳು. ಯಾವ ಗೆರೆಯನ್ನು ತೆಗೆದರೂ ಚಿತ್ರಕ್ಕೆ ಏನಾಗುತ್ತದೆಂದು ಹೇಳಬಲ್ಲವನೇ ಅದನ್ನು ರಚಿಸಿದವನು. ಉಳಿದವರದು ಬಣ್ಣ ಚೆಲ್ಲುವ ಕೆಲಸ.

ಚಿತ್ರಕ್ಕೆ ಆಕೆ ‘ಬೆಣ್ಣೆಹಳ್ಳ’ ಎಂದು ಹೆಸರಿಟ್ಟಿದ್ದಳು. ನೋಡಲು ಬಂದವರೆಲ್ಲ ಅದರಲ್ಲಿ ಹಳ್ಳವನ್ನು ಹುಡುಕತೊಡಗಿದರು. ಕೆಲವರು ಸೇತುವೆಯನ್ನೂ ಕಂಡುಹಿಡಿದರು. ಹೆಸರನ್ನು ತೆಗೆದುಬಿಡು ಎಂದು ನಾನು ಸೂಚಿಸಿದೆ. ಗಾಯತೊಂಡೆಯವರ ಎಷ್ಟೋ ಚಿತ್ರಗಳಿಗೆ ಹೆಸರಿಲ್ಲವೆಂದೂ ಹೇಳಿದೆ. ಮರುದಿನ ನೋಡಿದರೆ ಚೀಟಿ ಇರಲಿಲ್ಲ. ಪ್ರದರ್ಶನ ಮುಗಿದು ಚಿತ್ರವನ್ನು ಗೋಡೆಯಿಂದ ಇಳಿಸುವಾಗ ಹಿಂಬದಿಯನ್ನು ಕಂಡೆ. ಅಲ್ಲಿ ಪೆನ್ಸಿಲಿನಲ್ಲಿ, ಸಣ್ಣ ಅಕ್ಷರಗಳಲ್ಲಿ, ಹಳ್ಳದ ಹೆಸರು ಹಾಗೆಯೇ ಇತ್ತು. ಅವಳ ತಂದೆ ಅದನ್ನು ಹಳೆಯ ಧೋತರದಲ್ಲಿ ಸುತ್ತಿ ಬಸ್ಸಿಗೆ ಒಯ್ದರು.